ಎ ಶ್ರುತಿಯ ದುದುಕ್: ಮರದ ಹೊಳಪು ಬಿಡಿ, ರೀಡ್ ನೋಡಿ

ದುದುಕ್ ಎಂಬ ಊದುವ ವಾದ್ಯದ ಸೆಟ್ಟು ಅರ್ಮೇನಿಯಾದಿಂದ ಬಂದರೆ ಅದರಲ್ಲಿ ಸಾಮಾನ್ಯವಾಗಿ ಇರುವುದು ಇಷ್ಟು: ಏಪ್ರಿಕಾಟ್ ಮರದ, ಸುಮಾರು 35 ಸೆಂ.ಮೀ. ಉದ್ದದ ಕೊಳವೆ, ಒಂದೋ ಎರಡೋ ರೀಡ್ (ತುಟಿಗಿಟ್ಟು ಊದುವ ಜೊಂಡಿನ ನಾಲಿಗೆ), ಪ್ರತಿ ರೀಡಿನ ನಡುವಿಗೆ ಒಂದು ತೆಳು ಬಳೆ, ತುದಿಗೆ ಸಿಕ್ಕಿಸಲು ಒಂದು ಮರದ ಕ್ಲಿಪ್ಪು, ಮತ್ತೆ ಒಂದು ಬಟ್ಟೆಯ ಚೀಲ. ಮಾರಾಟದ ಪುಟಗಳಲ್ಲಿ ಮರದ ಬಗ್ಗೆ ಪ್ಯಾರಾಗಟ್ಟಲೆ ಇರುತ್ತದೆ, ರೀಡಿನ ಬಗ್ಗೆ ಒಂದು ಸಾಲು ಸಿಕ್ಕರೆ ಹೆಚ್ಚು. ಆದರೆ ಈ ವಾದ್ಯದ ದನಿ, ಶ್ರುತಿ, ಊದಲು ಬೇಕಾಗುವ ಬಲ ಮೂರನ್ನೂ ನಿರ್ಧರಿಸುವುದು ರೀಡೇ. ಒಳ್ಳೆಯ ರೀಡ್ ಸಾಧಾರಣ ಕೊಳವೆಯನ್ನೂ ಹಾಡಿಸುತ್ತದೆ. ಕೆಟ್ಟ ರೀಡ್ ಸಿಕ್ಕಿಸಿದರೆ ನುರಿತ ಕುಶಲಕರ್ಮಿ ಕೊರೆದ ವಾದ್ಯವೂ ಗೊರಗೊರ ಎನ್ನುತ್ತದೆ. ಮೊದಲ ದುದುಕ್ ಕೊಳ್ಳುವವರು ಹಣವನ್ನು ಹಂಚಬೇಕಾದದ್ದು ಈ ಲೆಕ್ಕದಲ್ಲಿ.

ದುದುಕ್ ಎರಡು ನಾಲಿಗೆಯ ವಾದ್ಯ. ಶಹನಾಯಿ, ನಾಗಸ್ವರ, ಮುಖವೀಣೆಗಳ ದೂರದ ಬಂಧು ಎನ್ನಬಹುದು. ಆ ಮೂರರ ಕೊಳವೆ ಕೆಳಗೆ ಹೋದಂತೆ ಅಗಲವಾಗುತ್ತದೆ. ದುದುಕ್‌ನ ಒಳರಂಧ್ರ ಮೇಲಿಂದ ಕೆಳಗಿನವರೆಗೂ ಒಂದೇ ಅಗಲ, ಸುಮಾರು ಒಂದು ಸೆಂ.ಮೀ. ರೀಡ್ ಕೂಡ ತುಂಬ ದೊಡ್ಡದು. ಈ ಎರಡೂ ಸೇರಿ ದನಿ ತಗ್ಗಿನಲ್ಲಿ, ಮೆತ್ತಗೆ, ಉಸಿರು ತುಂಬಿಕೊಂಡು ಬರುತ್ತದೆ. ಅಷ್ಟೇ ಉದ್ದದ ಕೊಳಲಿಗಿಂತ ಸುಮಾರು ಒಂದು ಸ್ಥಾಯಿ ಕೆಳಗೆ ನುಡಿಯುತ್ತದೆ. ಅರ್ಮೇನಿಯನ್ನರು ಮದುವೆಯಲ್ಲೂ ಊದುತ್ತಾರೆ, ಸಾವಿನ ಮನೆಯಲ್ಲೂ ಊದುತ್ತಾರೆ. ಬಯಲಿನ ಗದ್ದಲಕ್ಕೆ ಅವರ ಬಳಿ ಜುರ್ನಾ ಎಂಬ ಜೋರು ದನಿಯ ವಾದ್ಯ ಬೇರೆಯೇ ಇದೆ. ಯುನೆಸ್ಕೊ ಈ ವಾದ್ಯವನ್ನೂ ಇದರ ಸಂಗೀತವನ್ನೂ 2005ರಲ್ಲಿ ಮಾನವಕುಲದ ಅಮೂರ್ತ ಪರಂಪರೆಯ ಮೇರುಕೃತಿ ಎಂದು ಘೋಷಿಸಿ, 2008ರಲ್ಲಿ ತನ್ನ ಪಟ್ಟಿಗೆ ಸೇರಿಸಿತು. ಜೀವನ್ ಗಾಸ್ಪರ್ಯಾನ್ (1928–2021), ವಾಚೆ ಹೊವ್ಸೆಪ್ಯಾನ್, ಗೆವೋರ್ಗ್ ದಬಗ್ಯಾನ್ ಅವರ ಧ್ವನಿಮುದ್ರಣಗಳನ್ನು ವಾದ್ಯ ಕೈಗೆ ಬರುವ ಮೊದಲೇ ಕೇಳಿಕೊಂಡಿರಿ. ಬಂದ ರೀಡ್ ಸರಿಯಿದೆಯೇ ಎಂದು ತೂಗಿ ನೋಡಲು ಕಿವಿಯಲ್ಲಿ ಒಂದು ಮಾದರಿ ಇರಲೇಬೇಕು.

ಶ್ರುತಿಯ ಆಯ್ಕೆಯಲ್ಲಿ ಹೆಚ್ಚು ತಲೆಕೆಡಿಸಿಕೊಳ್ಳಬೇಕಿಲ್ಲ. ದುದುಕ್‌ಗಳು 28ರಿಂದ 40 ಸೆಂ.ಮೀ.ವರೆಗೆ ಬೇರೆ ಬೇರೆ ಉದ್ದದಲ್ಲಿ ಸಿಗುತ್ತವೆ. ಹೊಸಬರಿಗೆ ಎ ಸರಿ: ಬೆರಳುಗಳ ಅಂತರ ಹದವಾಗಿದೆ, ಪಾಠಗಳು ಮತ್ತು ಜೊತೆಗೆ ನುಡಿಸಲು ಸಿಗುವ ಟ್ರ್ಯಾಕ್‌ಗಳು ಹೆಚ್ಚಾಗಿ ಇದೇ ಶ್ರುತಿಯಲ್ಲಿವೆ, ರೀಡೂ ಸುಲಭವಾಗಿ ಸಿಗುತ್ತದೆ. ನಮ್ಮ ಲೆಕ್ಕದಲ್ಲಿ ಇದು ಆರು ಮನೆ ಶ್ರುತಿ. ಮುಂಭಾಗದಲ್ಲಿ ಎಂಟು ರಂಧ್ರ, ಹಿಂದೆ ಹೆಬ್ಬೆರಳಿಗೆ ಒಂದು. ಕೆಲವದರಲ್ಲಿ ಕೆಳತುದಿಯ ಹಿಂಬದಿಯಲ್ಲಿ ಶ್ರುತಿಗೆಂದು ಇನ್ನೊಂದು ಇರುತ್ತದೆ. ಅದಕ್ಕೆ ಬೆರಳಿಡಲು ಹುಡುಕಬೇಡಿ.

ವ್ಯಾಪ್ತಿಯ ವಿಷಯ ಮಾತ್ರ ಕೊಳ್ಳುವ ಮೊದಲೇ ಸ್ಪಷ್ಟವಾಗಿರಬೇಕು. ಎಲ್ಲ ರಂಧ್ರ ಮುಚ್ಚಿದರೆ ಮಂದ್ರದ ಧೈವತ, ಎಲ್ಲ ತೆರೆದರೆ ತಾರ ಷಡ್ಜ. ಪಳಗಿದ ತುಟಿ ಅದರಾಚೆ ಒಂದೆರಡು ಸ್ವರ ಹಿಂಡಿ ತೆಗೆಯುತ್ತದೆ. ಅಲ್ಲಿಗೆ ಮುಗಿಯಿತು. ಕೊಳಲಿನಲ್ಲಿ ಉಸಿರು ಬಿಗಿ ಮಾಡಿ ಮೇಲಿನ ಸ್ಥಾಯಿಗೆ ಏರುವಂತೆ ಇಲ್ಲಿ ಏರಲಾಗದು. ರಂಧ್ರಗಳನ್ನು ಒಂದೊಂದಾಗಿ ತೆರೆದರೆ ಸಿಗುವುದು ಶಂಕರಾಭರಣದ ಸ್ವರಗಳು. ಉಳಿದ ಸ್ವರಸ್ಥಾನಗಳಿಗೆ ರಂಧ್ರವನ್ನು ಅರ್ಧ ಮುಚ್ಚಬೇಕು, ಜೊತೆಗೆ ತುಟಿಯ ಒತ್ತಡ ಬದಲಿಸಬೇಕು. ತುಟಿ ಸಡಿಲಿಸಿದರೆ ಸ್ವರ ಅರ್ಧ ಮನೆಗೂ ಹೆಚ್ಚು ಜಾರುವುದರಿಂದ ಗಮಕ, ಜಾರು ಇದರಲ್ಲಿ ಬಹಳ ಚೆನ್ನಾಗಿ ಬರುತ್ತವೆ. ಮೂರು ಸ್ಥಾಯಿ ಓಡಾಡುವ ಕೀರ್ತನೆ ನುಡಿಸುವ ಆಸೆ ಇದ್ದರೆ ಈ ವಾದ್ಯ ಬೇಡ. ನಿಧಾನದ ಆಲಾಪನೆಗೆ ಇದಕ್ಕಿಂತ ಉದಾರವಾದ ಮರದ ವಾದ್ಯ ಸಿಗುವುದು ಕಷ್ಟ.

ಮರದ ಮಾತಿಗೆ ಬರೋಣ. ಏಪ್ರಿಕಾಟ್ ಮರವನ್ನು ವರ್ಷಗಟ್ಟಲೆ ಒಣಗಿಸಿ ಕಡೆಯುತ್ತಾರೆ. ಸಾಕಷ್ಟು ಒಣಗದ ಮರದ ವಾದ್ಯ ಆಮೇಲೆ ಬಾಗುತ್ತದೆ ಅಥವಾ ರೀಡ್ ಕೂರುವ ಬಾಯಿಯಿಂದ ಕೆಳಕ್ಕೆ ಸೀಳುತ್ತದೆ. ತುರ್ಕಿಯ ಮೇಯ್, ಅಜರ್‌ಬೈಜಾನಿನ ಬಾಲಾಬಾನ್ ಇದರ ಹತ್ತಿರದ ವಾದ್ಯಗಳೇ. ಬಾಲಾಬಾನನ್ನು ಹಿಪ್ಪುನೇರಳೆ ಮರದಲ್ಲೂ ಮಾಡುತ್ತಾರೆ, ದನಿ ಸ್ವಲ್ಪ ಬೇರೆ. ಆನ್‌ಲೈನಿನಲ್ಲಿ ಹುಡುಕುವಾಗ ಒಂದು ಎಚ್ಚರ: ಬಲ್ಗೇರಿಯಾ ಕಡೆಯ ಸೀಟಿಕೊಳಲಿಗೂ ಇದೇ ಹೆಸರಿದೆ. ಚಿತ್ರದಲ್ಲಿ ಚಪ್ಪಟೆಯಾದ ದೊಡ್ಡ ರೀಡ್ ಕಾಣದಿದ್ದರೆ ಅದು ನಿಮಗೆ ಬೇಕಾದದ್ದಲ್ಲ.

ಯೆರೆವಾನ್‌ನಲ್ಲಿ ರಿಪಬ್ಲಿಕ್ ಚೌಕದ ಹತ್ತಿರ ವೆರ್ನಿಸಾಜ್ ಎಂಬ ಬಯಲು ಮಾರುಕಟ್ಟೆ ಇದೆ, ವಾರಾಂತ್ಯದಲ್ಲಿ ಜೋರು. ಅಲ್ಲಿ ದುದುಕ್‌ಗಳು ಸಾಲುಸಾಲಾಗಿ ಸಿಗುತ್ತವೆ. ನುಡಿಸುವವರಿಗಾಗಿ ಮಾಡಿದವೂ ಇವೆ, ಗೋಡೆಗೆ ತೂಗುಹಾಕಲು ಮಾಡಿದವೂ ಇವೆ. ದಾಳಿಂಬೆ, ಅರಾರತ್ ಬೆಟ್ಟದ ಕೆತ್ತನೆ ಇದ್ದ ಮಾತ್ರಕ್ಕೆ ಕಳಪೆ ಎಂದಲ್ಲ. ಒಳಗೆ ನೋಡಿ: ರಂಧ್ರದ ಗೋಡೆಯ ಮೇಲೂ ವಾರ್ನಿಶ್ ಹರಿದಿದ್ದರೆ, ಕೊರೆದ ನಾರು ಎದ್ದಿದ್ದರೆ, ಬೆರಳಿನ ರಂಧ್ರಗಳೆಲ್ಲ ಒಂದೇ ಗಾತ್ರದಲ್ಲಿ ಒಂದೇ ಅಂತರದಲ್ಲಿ ಯಾಂತ್ರಿಕವಾಗಿ ಇದ್ದರೆ ಅದು ಅಲಂಕಾರದ ವಸ್ತು. ನಿಜವಾಗಿ ಶ್ರುತಿ ಮಾಡಿದ ವಾದ್ಯದಲ್ಲಿ ಕೆಲವು ರಂಧ್ರಗಳ ಅಂಚನ್ನು ಚಾಕುವಿನಿಂದ ತಿದ್ದಿದ ಗುರುತು ಕಾಣುತ್ತದೆ. ಅದು ದೋಷವಲ್ಲ, ಕೂತು ಕಿವಿಕೊಟ್ಟು ಕೆಲಸ ಮಾಡಿದ್ದಾರೆಂಬ ಸಾಕ್ಷಿ. ಎಣ್ಣೆ ಹಾಕಿ ಉಜ್ಜಿದ ಮರ ವಾರ್ನಿಶ್ ಬಳಿದದ್ದಕ್ಕಿಂತ ಮೇಲು. ಬೆರಳು ಜಾರುವುದಿಲ್ಲ, ಮುಂದೆ ಎಣ್ಣೆ ಹಾಕಿದಾಗ ಹೀರುತ್ತದೆ.

ಇನ್ನು ರೀಡ್. ಅರ್ಮೇನಿಯನ್ನರು ಇದನ್ನು ಘಮಿಶ್ ಅಥವಾ ಯೆಘೆಗ್ ಎನ್ನುತ್ತಾರೆ. ಅರಾಕ್ಸ್ ನದಿಯ ದಂಡೆಯಲ್ಲಿ ಬೆಳೆಯುವ ಜೊಂಡಿನಿಂದ ಮಾಡುತ್ತಾರೆ. ಉದ್ದ 9ರಿಂದ 14 ಸೆಂ.ಮೀ., ವಾದ್ಯದ ಶ್ರುತಿ ತಗ್ಗಿದಂತೆ ರೀಡ್ ಉದ್ದ. ನಾಗಸ್ವರದ ಸೀವಾಳಿಗಿಂತ ಹಲವು ಪಟ್ಟು ದೊಡ್ಡದು. ಎರಡು ಹೋಳು ಕಟ್ಟಿದ್ದಲ್ಲ. ಒಂದೇ ಜೊಂಡಿನ ತುಂಡಿನ ಒಂದು ತುದಿಯನ್ನು ಬಾತುಕೋಳಿಯ ಕೊಕ್ಕಿನಂತೆ ಚಪ್ಪಟೆ ಮಾಡಿರುತ್ತಾರೆ, ಇನ್ನೊಂದು ತುದಿ ದುಂಡಗೇ ಉಳಿದು, ನೂಲು ಸುತ್ತಿಸಿಕೊಂಡು ಕೊಳವೆಯ ಬಾಯಿಗೆ ಕೂರುತ್ತದೆ. ಚಪ್ಪಟೆ ಭಾಗದ ಎರಡೂ ಮುಖ ಒಂದೇ ದಪ್ಪ ಇರಬೇಕು. ಬೆಳಕಿಗೆ ಹಿಡಿದರೆ ತುದಿಯ ಕಡೆ ನೆರಳು ಎರಡೂ ಬದಿ ಸಮವಾಗಿ ತೆಳುವಾಗಬೇಕು. ಒಂದು ಮೂಲೆ ಕಪ್ಪಗೆ ಉಳಿದಿದ್ದರೆ ಆ ಬದಿ ಗಟ್ಟಿ, ರೀಡ್ ಓರೆಯಾಗಿ ತೆರೆದುಕೊಳ್ಳುತ್ತದೆ.

ಒಣ ರೀಡನ್ನು ಊದಿ ನೋಡಿ “ದನಿಯೇ ಬರುತ್ತಿಲ್ಲ” ಎಂದು ಮಾರಿದವರಿಗೆ ದೂರುವವರು ಬಹಳ. ರೀಡ್ ಮೊದಲು ನೀರು ಕುಡಿಯಬೇಕು. ಕ್ಲಿಪ್ಪು ತೆಗೆದು, ದುಂಡಗಿನ ತುದಿಯಿಂದ ಒಳಗೆ ಸ್ವಲ್ಪ ಉಗುರು ಬೆಚ್ಚಗಿನ ನೀರು ಹಾಕಿ, ಬೆರಳಿನಿಂದ ಮುಚ್ಚಿ ಒಮ್ಮೆ ಅಲ್ಲಾಡಿಸಿ, ಪೂರ್ತಿ ಚೆಲ್ಲಿ, ಕೊಡವಿ. ಆಮೇಲೆ ನೆಟ್ಟಗೆ ನಿಲ್ಲಿಸಿ 10–15 ನಿಮಿಷ ಬಿಡಿ. ಬಿಸಿನೀರು ಬೇಡ, ಜೊಂಡು ಮೆತ್ತಗಾಗಿ ಆಕಾರ ಕೆಡುತ್ತದೆ. ರೀಡನ್ನು ಇಡಿಯಾಗಿ ನೀರಿನಲ್ಲಿ ಮುಳುಗಿಸಿ ಮರೆಯುವುದು ಅದಕ್ಕಿಂತ ಕೆಟ್ಟದ್ದು. ಬಾಯಿ ಅಗಲವಾಗಿ ತೆರೆದು ಆ ದಿನ ಮತ್ತೆ ಕೂಡಿಕೊಳ್ಳುವುದೇ ಇಲ್ಲ. ನೀರು ಕುಡಿದ ರೀಡಿನ ತುದಿ ನಿಧಾನವಾಗಿ ತೆರೆದುಕೊಳ್ಳುತ್ತದೆ. ನಡುವಿನಲ್ಲಿ ಸುಮಾರು 2 ಮಿ.ಮೀ. ಸಂದು ಕಂಡಾಗ ಊದಲು ಸಿದ್ಧ.

ಈ ಸಂದು ಎಷ್ಟಿದೆ ಎನ್ನುವುದೇ ದಿನದ ಶ್ರುತಿಯನ್ನು ನಿರ್ಧರಿಸುತ್ತದೆ. ಹೆಚ್ಚು ತೆರೆದಿದ್ದರೆ ಉಸಿರು ಸುರಿದುಹೋಗುತ್ತದೆ, ಶ್ರುತಿ ತಗ್ಗುತ್ತದೆ, ದನಿಯಲ್ಲಿ ಗಾಳಿ ಬೆರೆಯುತ್ತದೆ. ಮುಚ್ಚಿಕೊಂಡಿದ್ದರೆ ದನಿ ತೆಳುವಾಗಿ ಶ್ರುತಿ ಏರುತ್ತದೆ, ಕೆಳಸ್ವರಗಳು ಸಿಕ್ಕಿಹಾಕಿಕೊಳ್ಳುತ್ತವೆ. ಬಳೆ ಇರುವುದು ಇದನ್ನು ಹದ ಮಾಡಲು: ತುದಿಯ ಕಡೆಗೆ ಸರಿಸಿದರೆ ರೀಡ್ ಮುಚ್ಚುತ್ತದೆ, ಕೊಳವೆಯ ಕಡೆಗೆ ಸರಿಸಿದರೆ ತೆರೆಯುತ್ತದೆ. ಒಂದು ಸಲಕ್ಕೆ ಒಂದೆರಡು ಮಿ.ಮೀ. ಸಾಕು, ಅದೂ ರೀಡ್ ಒದ್ದೆ ಇರುವಾಗ. ಒಣ ರೀಡಿನ ಮೇಲೆ ಬಳೆಯನ್ನು ಬಲವಂತವಾಗಿ ದೂಡಿದರೆ ಅಂಚು ಸೀಳುತ್ತದೆ. ತೀರಾ ತೆರೆದ ರೀಡಿಗೆ ಕ್ಲಿಪ್ಪು ಸಿಕ್ಕಿಸಿ ಐದು ನಿಮಿಷ ಇಡಿ. ಮುಚ್ಚಿಕೊಂಡದ್ದಕ್ಕೆ ಇನ್ನೊಮ್ಮೆ ನೀರು ಕೊಟ್ಟು, ಎರಡು ಅಂಚುಗಳನ್ನು ಬೆರಳಿನಿಂದ ಮೆಲ್ಲನೆ ಒತ್ತಿ ಬಾಯಿ ಬಿಡಿಸಿ.

ಸೆಟ್ಟಿನ ಜೊತೆ ಬರುವ ಎರಡು ರೀಡಿನಲ್ಲಿ ಒಂದು ಹೆಚ್ಚಾಗಿ ಗಟ್ಟಿ ಇರುತ್ತದೆ. ಊದಲು ಹೊಟ್ಟೆಯ ಬಲ ಪೂರ್ತಿ ಬೇಕಾದರೆ, ಎರಡು ವಾರ ಊದಿ ಪಳಗಿಸಿದ ಮೇಲೂ ಸಡಿಲವಾಗದಿದ್ದರೆ, 400–600 ನಂಬರಿನ ಮರಳುಕಾಗದದಿಂದ ಚಪ್ಪಟೆ ಮುಖಗಳನ್ನು ಉಜ್ಜಬಹುದು. ಎರಡೂ ಬದಿ ನಾಲ್ಕೈದು ಸಲ, ಉದ್ದಕ್ಕೆ, ಊದಿ ನೋಡಿ, ಬೇಕಾದರೆ ಮತ್ತೆ. ತೀರಾ ತುದಿಯನ್ನು ಮುಟ್ಟಬೇಡಿ. ತೆಗೆದ ಜೊಂಡನ್ನು ಮತ್ತೆ ಅಂಟಿಸಲು ಬರುವುದಿಲ್ಲ, ಉಜ್ಜಿ ತೆಳುವಾದ ರೀಡ್ ಜುರ್ನಾದ ಹಾಗೆ ಕಿರುಚತೊಡಗುತ್ತದೆ. ಇನ್ನೊಂದು ಪರೀಕ್ಷೆ ಪ್ರತಿ ಹೊಸ ರೀಡಿಗೂ ಮಾಡಬೇಕು: ಒದ್ದೆ ಮಾಡಿದ ರೀಡಿನ ತುದಿಯನ್ನು ಬೆರಳಿನಿಂದ ಒತ್ತಿ ಮುಚ್ಚಿ, ದುಂಡಗಿನ ಕಡೆಯಿಂದ ಗಾಳಿ ಹೀರಿ, ಆ ಕಡೆ ಬೆರಳಿಟ್ಟು ಮುಚ್ಚಿ ತುದಿ ಬಿಡಿ. ಒಂದೆರಡು ಕ್ಷಣ ತುದಿ ಅಂಟಿಕೊಂಡೇ ಇದ್ದು ಆಮೇಲೆ ಬಿಟ್ಟುಕೊಂಡರೆ ಸೋರಿಕೆ ಇಲ್ಲ. ಕೂಡಲೇ ತೆರೆದುಕೊಂಡರೆ ಅಂಚಿನಲ್ಲಿ ಎಲ್ಲೋ ಸೀಳಿದೆ ಅಥವಾ ಎರಡು ಮುಖ ಸರಿಯಾಗಿ ಕೂಡುತ್ತಿಲ್ಲ. ಸೀಳಿದ ರೀಡನ್ನು ವಾಪಸು ಕಳಿಸಿ, ಅದಕ್ಕೆ ಮದ್ದಿಲ್ಲ.

ಕೊಳವೆಯ ಪರೀಕ್ಷೆಗೆ ರೀಡ್ ಬೇಕಿಲ್ಲ. ಎಲ್ಲ ರಂಧ್ರ ಬೆರಳಿನಿಂದ ಮುಚ್ಚಿ, ಕೆಳತುದಿಯನ್ನು ಮೊಣಕಾಲಿಗೆ ಒತ್ತಿ, ಮೇಲಿಂದ ಊದಿ. ಗಾಳಿ ತಪ್ಪಿಸಿಕೊಳ್ಳಬಾರದು. ಹಿಂದಿನ ಶ್ರುತಿ ರಂಧ್ರ ಇದ್ದರೆ ಅದನ್ನೂ ಟೇಪಿನಿಂದ ಮುಚ್ಚಿಕೊಳ್ಳಿ. ಆಮೇಲೆ ರೀಡ್ ಸಿಕ್ಕಿಸಿ ಹತ್ತು ನಿಮಿಷ ಊದಿ ಬೆಚ್ಚಗೆ ಮಾಡಿ, ಫೋನಿನ ಟ್ಯೂನರ್ ಆ್ಯಪ್ ಎದುರಿಗಿಟ್ಟು ಮಧ್ಯ ಷಡ್ಜ, ಪಂಚಮ, ತಾರ ಷಡ್ಜ ನೋಡಿ. 15 ಸೆಂಟ್‌ವರೆಗಿನ (ಒಂದು ಸ್ವರಸ್ಥಾನದಿಂದ ಮುಂದಿನದಕ್ಕೆ 100 ಸೆಂಟ್) ಏರುಪೇರು ತುಟಿಯಲ್ಲೇ ಸರಿಹೋಗುತ್ತದೆ. ಈ ವಾದ್ಯದಲ್ಲಿ ಅದು ಸಹಜ ಕೂಡ. ಎಲ್ಲ ಸ್ವರವೂ ಒಂದೇ ಪ್ರಮಾಣದಲ್ಲಿ ಏರಿದ್ದರೆ ಅಥವಾ ತಗ್ಗಿದ್ದರೆ ಬಳೆಯಿಂದ ಸರಿಮಾಡಿ. ಕೆಳಗಿನ ಷಡ್ಜ ಸರಿಯಿದ್ದು ಮೇಲಿನದು 30–40 ಸೆಂಟ್ ಏರಿದ್ದರೆ ಕಾರಣ ಬೇರೆ: ರೀಡ್ ಆ ಕೊಳವೆಗೆ ಗಿಡ್ಡ. ಮೇಲಿನ ಸ್ವರಗಳಲ್ಲಿ ನುಡಿಯುವ ಗಾಳಿಯ ಕಂಬ ಚಿಕ್ಕದಾದ್ದರಿಂದ ರೀಡಿನ ಉದ್ದದಲ್ಲಿ ಆದ ವ್ಯತ್ಯಾಸ ಅಲ್ಲಿ ಹೆಚ್ಚು ತಟ್ಟುತ್ತದೆ. ಮೇಲಿನದು ತಗ್ಗಿದ್ದರೆ ರೀಡ್ ಉದ್ದ ಅಥವಾ ಹೊಟ್ಟೆ ದೊಡ್ಡದು. ಇಂಥ ಸಂದರ್ಭದಲ್ಲಿ ರಂಧ್ರ ಕೊರೆದು ತಿದ್ದಲು ಹೋಗುವವರು ವಾದ್ಯವನ್ನೇ ಹಾಳು ಮಾಡುತ್ತಾರೆ. ಗಿಡ್ಡ ರೀಡಾದರೆ ಬುಡಕ್ಕೆ ಇನ್ನಷ್ಟು ನೂಲು ಸುತ್ತಿ ಎರಡು ಮಿ.ಮೀ. ಮೇಲೆ ಕೂರಿಸಿ ನೋಡಿ, ಆಗದಿದ್ದರೆ ಬೇರೆ ರೀಡ್ ಕೇಳಿ.

ಬುಡ ಸಡಿಲವಾಗಿದ್ದರೆ ಕೆಳಗಿನ ಒಂದೆರಡು ಸ್ವರ ನಡುಗುತ್ತವೆ, ಕೆಲವೊಮ್ಮೆ ಬರುವುದೇ ಇಲ್ಲ. ಮೇಣ ಸವರಿದ ನೂಲು ಉತ್ತಮ. ತುರ್ತಿಗೆ ನಲ್ಲಿಗೆ ಸುತ್ತುವ ಬಿಳಿ ಟೆಫ್ಲಾನ್ ಟೇಪ್ ಎರಡು ಸುತ್ತು ಸಾಕು. ತುಂಬ ಬಿಗಿಯಾಗಿ ತುರುಕಿದರೆ ಒದ್ದೆಯಾದ ಮೇಲೆ ಉಬ್ಬಿ ಕೊಳವೆಯ ಬಾಯಿಯನ್ನೇ ಸೀಳೀತು. ಊದುವಾಗ ಗುಳುಗುಳು ಸದ್ದು ಬಂದರೆ ರೀಡಿನಲ್ಲಿ ನೀರು ಉಳಿದಿದೆ, ಕೊಡವಿ.

ಹಿಡಿಯುವ ರೀತಿ ಶಹನಾಯಿಯವರಿಗೂ ಹೊಸದು. ರೀಡಿನ ತುದಿಯ ಅರ್ಧ ಸೆಂ.ಮೀ.ನಷ್ಟು ಮಾತ್ರ ತುಟಿಗಳ ನಡುವೆ, ಹಲ್ಲು ತಾಗಬಾರದು. ಕೆನ್ನೆ ಉಬ್ಬಿಸಿ ಊದುತ್ತಾರೆ, ಕೆನ್ನೆಯೇ ಗಾಳಿಯ ಸಂಗ್ರಹ. ರೀಡ್ ಹೆಚ್ಚು ಒಳಗೆ ಹೋದರೆ ದನಿ ಒರಟಾಗುತ್ತದೆ, ತುಟಿಯ ಹಿಡಿತ ತಪ್ಪುತ್ತದೆ. ರಂಧ್ರ ದೊಡ್ಡದಾದ್ದರಿಂದ ಬೆರಳಿನ ತುದಿ ಸಾಲದು, ಬೆರಳನ್ನು ಚಪ್ಪಟೆಯಾಗಿ ಮಲಗಿಸಬೇಕು. ಬಾನ್ಸುರಿ ನುಡಿಸುವವರಿಗೆ ಇದು ಬೇಗ ಒಗ್ಗುತ್ತದೆ.

ಸೆಟ್ಟಿನಲ್ಲಿ ಇಲ್ಲದ, ಆದರೆ ಇರಲೇಬೇಕಾದ ಒಂದು ಸಂಗತಿ ದಾಮ್. ಅರ್ಮೇನಿಯಾದಲ್ಲಿ ದುದುಕ್ ಒಂಟಿಯಾಗಿ ನುಡಿಯುವುದು ವಿರಳ. ಎರಡನೆಯವರು ಇನ್ನೊಂದು ದುದುಕ್ ಹಿಡಿದು, ಉಸಿರು ಕಡಿಯದಂತೆ ಆಧಾರ ಸ್ವರವನ್ನು ಹಿಡಿದಿರುತ್ತಾರೆ. ಕೆನ್ನೆಯ ಗಾಳಿ ಹೊರಬಿಡುತ್ತಲೇ ಮೂಗಿನಿಂದ ಉಸಿರೆಳೆಯುವ ಕೆಲಸ ಅದು. ನಮ್ಮ ನಾಗಸ್ವರದ ಪಕ್ಕದಲ್ಲಿ ಒತ್ತು ಊದುವವರ ಕೆಲಸವೇ ಇದು. ವ್ಯತ್ಯಾಸ ಇಷ್ಟೇ, ದಾಮ್ ಹಿಡಿದವರು ರಾಗದ ನಡೆ ನೋಡಿ ಆಗಾಗ ಸ್ವರ ಬದಲಿಸುತ್ತಾರೆ. ಒಬ್ಬರೇ ಅಭ್ಯಾಸ ಮಾಡುವವರು ತಂಬೂರಿ ಆ್ಯಪನ್ನು ಆರು ಮನೆಗೆ ಇಟ್ಟುಕೊಂಡರೆ ಸಾಕು. ಆಧಾರ ಶ್ರುತಿ ಇಲ್ಲದೆ ಅಭ್ಯಾಸ ಮಾಡಬೇಡಿ. ಸ್ವರ ತುಟಿಯಲ್ಲಿ ಇಷ್ಟು ಜಾರುವ ವಾದ್ಯದಲ್ಲಿ ಕಿವಿಗೆ ಆಸರೆ ಇಲ್ಲದಿದ್ದರೆ ತಪ್ಪು ಸ್ವರಸ್ಥಾನವೇ ಅಭ್ಯಾಸವಾಗುತ್ತದೆ.

ಆರೈಕೆ ಕಡಿಮೆ, ಆದರೆ ತಪ್ಪಿಸುವಂತಿಲ್ಲ. ಹೊಸ ವಾದ್ಯವನ್ನು ಮೊದಲ ಎರಡು ವಾರ ದಿನಕ್ಕೆ 15–20 ನಿಮಿಷಕ್ಕಿಂತ ಹೆಚ್ಚು ಊದಬೇಡಿ. ಒಳಗೋಡೆ ಒದ್ದೆಯಾಗಿ ಹೊರಗೋಡೆ ಒಣಗಿಯೇ ಇದ್ದರೆ ಮರ ಸೀಳುವುದು ಆಗಲೇ. ನುಡಿಸಿದ ಮೇಲೆ ರೀಡ್ ತೆಗೆದು, ಒಳಗೆ ಒಣ ಬಟ್ಟೆ ಎಳೆದು ಒರೆಸಿ. ಕೆಲವು ತಿಂಗಳಿಗೊಮ್ಮೆ ಬಾದಾಮಿ ಎಣ್ಣೆ ಅಥವಾ ಅಕ್ರೋಟು ಎಣ್ಣೆಯನ್ನು ಒಳಗೆ ತೆಳ್ಳಗೆ ಸವರಿ, ಒಂದು ದಿನ ಬಿಟ್ಟು ಒರೆಸಿ. ಕೊಬ್ಬರಿ ಎಣ್ಣೆ ಬೇಡ, ಚಳಿಗೆ ಹೆಪ್ಪುಗಟ್ಟುತ್ತದೆ. ಎಣ್ಣೆ ರೀಡಿಗೆ ತಾಗಲೇಬಾರದು.

ಯೆರೆವಾನ್‌ನದು ಒಣ ಹವೆ, ರೀಡ್ ಹದವಾಗಿರುವುದು ಅದಕ್ಕೆ. ಮಂಗಳೂರು, ಕಾರವಾರದ ಮಳೆಗಾಲದಲ್ಲಿ ರೀಡಿಗೆ ಒಳಗೆ ನೀರು ಹಾಕುವ ಅಗತ್ಯವೇ ಬೀಳದೇ ಇರಬಹುದು. ತುದಿಯನ್ನು ಒದ್ದೆ ಮಾಡಿದರೆ ಸಾಕು. ಅಲ್ಲಿನ ದೊಡ್ಡ ಶತ್ರು ಬೂಷ್ಟು. ಒದ್ದೆ ರೀಡನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿಟ್ಟರೆ ಕೆಲವೇ ದಿನದಲ್ಲಿ ಕಪ್ಪು ಚುಕ್ಕೆ ಬರುತ್ತದೆ, ಆಮೇಲೆ ಅದನ್ನು ಬಾಯಿಗಿಡುವಂತಿಲ್ಲ. ಗಾಳಿಯಾಡುವ ಡಬ್ಬಿ, ಕ್ಲಿಪ್ಪು ಸಿಕ್ಕಿಸಿದ ರೀಡ್. ಕಲಬುರಗಿಯ ಬೇಸಿಗೆಯಲ್ಲಿ ಇದರ ತಿರುಗುಮುರುಗು: ನೀರು ಕೊಟ್ಟು ಕಾಯುವ ಹೊತ್ತು ಹೆಚ್ಚು, ನುಡಿಸುವ ನಡುವೆಯೂ ಮತ್ತೆ ಒದ್ದೆ ಮಾಡಬೇಕಾಗುತ್ತದೆ, ಕಾರಿನಲ್ಲಿ ಬಿಟ್ಟ ವಾದ್ಯ ಸೀಳುತ್ತದೆ.

ಪ್ಲಾಸ್ಟಿಕ್ ಕೊಳವೆಯ ದುದುಕ್‌ಗಳೂ ಸಿಗುತ್ತವೆ. ಸೀಳುವ ಭಯವಿಲ್ಲ, ಬೆರಳಿನ ಅಭ್ಯಾಸಕ್ಕೆ ಅಡ್ಡಿಯಿಲ್ಲ, ಜೊಂಡಿನ ಒಳ್ಳೆಯ ರೀಡ್ ಹಾಕಿದರೆ ದನಿಯೂ ತಕ್ಕಮಟ್ಟಿಗೆ ಬರುತ್ತದೆ. ಪ್ಲಾಸ್ಟಿಕ್ ರೀಡನ್ನು ಮಾತ್ರ ಶಿಫಾರಸು ಮಾಡಲಾರೆವು. ನೀರು ಕಾಯುವ ತಾಪತ್ರಯ ತಪ್ಪುತ್ತದೆ ನಿಜ, ಆದರೆ ದುದುಕ್ ಕೊಳ್ಳುವುದೇ ಯಾವ ದನಿಗಾಗಿಯೋ ಆ ದನಿ ಅದರಲ್ಲಿಲ್ಲ.

ಬೆಲೆಯ ಅಂದಾಜು: ಕಲಿಯಲು ತಕ್ಕ ಎ ದುದುಕ್ ಸುಮಾರು 100ರಿಂದ 200 ಡಾಲರ್, ಒಳ್ಳೆಯ ರೀಡ್ ಒಂದಕ್ಕೆ 20 ಡಾಲರಿನ ಆಚೀಚೆ, ಕೊರಿಯರ್ ವೆಚ್ಚ, ಇಲ್ಲಿನ ಕಸ್ಟಮ್ಸ್ ಸುಂಕ ಬೇರೆ. ರೀಡ್ ನಿತ್ಯ ಊದಿದರೆ ಕೆಲವು ತಿಂಗಳು ಬಾಳುತ್ತದೆ, ಎರಡು ಮೂರನ್ನು ಸರದಿಯಲ್ಲಿ ಬಳಸಿದರೆ ಹೆಚ್ಚು ದಿನ. ಹಾಗಾಗಿ 200 ಡಾಲರಿನ ಬಜೆಟ್ ಇದ್ದರೆ 120ರ ಕೊಳವೆ, ಮೂರು ರೀಡ್ ತೆಗೆದುಕೊಳ್ಳಿ. 180ರ ಕೊಳವೆಗೆ ಒಂದೇ ರೀಡ್ ಎಂದರೆ ಅದು ಸೀಳಿದ ದಿನದಿಂದ ಯೆರೆವಾನ್‌ನಿಂದ ಪಾರ್ಸೆಲ್ ಬರುವವರೆಗೆ ವಾದ್ಯ ಮೂಲೆಯಲ್ಲಿ. ಒಂದೇ ಪಾರ್ಸೆಲ್‌ನಲ್ಲಿ ತರಿಸಿದರೆ ಕೊರಿಯರ್ ವೆಚ್ಚವೂ ಒಮ್ಮೆಯೇ.

ಆರ್ಡರ್ ಮಾಡುವಾಗ ಬರೆಯಬೇಕಾದದ್ದು: ಎ ಶ್ರುತಿ, 440 ಹರ್ಟ್ಸ್‌ಗೆ, ಎಣ್ಣೆ ಹಾಕಿದ ಮರ, ವಾರ್ನಿಶ್ ಬೇಡ, ಒಂದು ಮೆತ್ತನೆಯ ರೀಡ್, ಎರಡು ಮಧ್ಯಮ, ಮೂರನ್ನೂ ಇದೇ ಕೊಳವೆಯ ಮೇಲೆ ಊದಿ ನೋಡಿ ಕಳಿಸಬೇಕು. ಟ್ಯೂನರ್ ಕಾಣುವಂತೆ, ಕೆಳಗಿನಿಂದ ಮೇಲಿನವರೆಗೆ ನಿಧಾನವಾಗಿ ಸ್ವರ ನುಡಿಸಿದ ಒಂದು ನಿಮಿಷದ ವಿಡಿಯೊ ಕೇಳಿ. ಸ್ವತಃ ಊದುವ ಕುಶಲಕರ್ಮಿಗಳು ಇದನ್ನು ಖುಷಿಯಿಂದ ಕಳಿಸುತ್ತಾರೆ. “ರೀಡ್ ಎಲ್ಲಾ ಒಂದೇ” ಎಂಬ ಉತ್ತರ ಬಂದರೆ ಬೇರೆ ಕಾರ್ಯಾಗಾರ ನೋಡಿ.